ಮಾರ್ಥಳ ಪರವಾಗಿ ಮಾರ್ಥಮ್ಮ

ಕಡೂರಿನ ಮಾರ್ಥಮ್ಮನಿಗೆ ತನ್ನ ಹೆಸರಿನ ಮೇಲೆ ಚಿಕ್ಕಂದಿನಿಂದಲೂ ಒಂದು ತಕರಾರಿತ್ತು. ಹೆಸರಿಟ್ಟವರು ಅವಳ ತಾತ. ಮೊದಲ ಮೊಮ್ಮಗಳಿಗೆ ಮಾರ್ಥ, ಅವಳ ಬೆನ್ನಿಗೆ ಹುಟ್ಟಿದವಳಿಗೆ ಮೇರಿ. ಬೈಬಲಿನಲ್ಲಿ ಬರುವ ಅಕ್ಕತಂಗಿಯರ ಹೆಸರು, ಜೋಡಿ ಚೆನ್ನಾಗಿದೆ ಎಂದು ತಾತ ಖುಷಿಪಟ್ಟಿದ್ದರು. ಆ ಕಥೆಯಲ್ಲಿ ತಂಗಿಗೆ ಹೊಗಳಿಕೆ, ಅಕ್ಕನಿಗೆ ಬುದ್ಧಿಮಾತು ಎನ್ನುವುದನ್ನು ಮಾತ್ರ ಅವರು ಯೋಚಿಸಿರಲಿಲ್ಲ.

ಕಥೆ ಚಿಕ್ಕದು. ಯೇಸುಸ್ವಾಮಿ ಒಂದು ಹಳ್ಳಿಗೆ ಬರುತ್ತಾರೆ. ಮಾರ್ಥ ಎನ್ನುವವಳು ಅವರನ್ನು ಮನೆಗೆ ಕರೆದು ಅಡುಗೆಗೆ ನಿಲ್ಲುತ್ತಾಳೆ. ಅವಳ ತಂಗಿ ಮರಿಯ, ಇಂಗ್ಲಿಷಿನಲ್ಲಿ ಮೇರಿ, ಸ್ವಾಮಿಯ ಪಾದದ ಹತ್ತಿರ ಕೂತು ಅವರ ಮಾತು ಕೇಳುತ್ತಾಳೆ. ಒಬ್ಬಳೇ ಒದ್ದಾಡಿ ಸಾಕಾದ ಮಾರ್ಥ ಹೊರಗೆ ಬಂದು, ಇವಳಿಗೆ ಸ್ವಲ್ಪ ನನ್ನ ಜೊತೆ ಕೈಹಾಕಲು ಹೇಳಬಾರದೇ ಎಂದು ಸ್ವಾಮಿಯ ಹತ್ತಿರ ದೂರುತ್ತಾಳೆ. ಸ್ವಾಮಿ ಮಾರ್ಥಳ ಹೆಸರನ್ನು ಎರಡು ಸಲ ಕರೆದು, ನೀನು ಇಲ್ಲದ್ದೆಲ್ಲ ತಲೆಗೆ ಹಚ್ಚಿಕೊಂಡಿದ್ದೀಯ, ನಿನ್ನ ತಂಗಿ ಒಳ್ಳೆಯದನ್ನೇ ಆರಿಸಿಕೊಂಡಿದ್ದಾಳೆ ಎನ್ನುತ್ತಾರೆ.

ಈ ಭಾಗ ಓದಿದ ಭಾನುವಾರಗಳಲ್ಲೆಲ್ಲ ಮಾರ್ಥಮ್ಮ ಚರ್ಚಿನಲ್ಲಿ ತಲೆ ತಗ್ಗಿಸಿ ಕೂರುತ್ತಿದ್ದಳು. ಪಾಠದ ಮೇಲೆ ಉಪದೇಶದ ಪ್ರಸಂಗ ಮಾಡುವವರು ಯಾರೇ ಆಗಲಿ, ಮಾರ್ಥಳ ಹಾಗೆ ಆಗಬೇಡಿ ಎನ್ನುವಾಗ ಅವಳ ಕಡೆಗೊಮ್ಮೆ ನೋಡಿ ನಗುತ್ತಿದ್ದರು. ಸಭೆಯೂ ನಗುತ್ತಿತ್ತು. ಅದಕ್ಕೆ ಕಾರಣವೂ ಇತ್ತು. ಹುಡುಗಿಯರ ಹಾಸ್ಟೆಲಿನಲ್ಲಿ ಅಡುಗೆಯವಳಾಗಿದ್ದು ನಿವೃತ್ತಳಾದ ಮಾರ್ಥಮ್ಮ, ಕ್ರಿಸ್ಮಸ್ಸಿರಲಿ ಮದುವೆಯಿರಲಿ, ಚರ್ಚಿನ ಹಿಂದಿನ ಒಲೆಯ ಮುಂದೆ ಸೌಟು ಹಿಡಿದು ನಿಲ್ಲುತ್ತಿದ್ದಳು. ಬೇರೆಯವರನ್ನು ಅಲ್ಲಿ ಸುಳಿಯಗೊಡುತ್ತಿರಲಿಲ್ಲ. ಈರುಳ್ಳಿ ಹೆಚ್ಚಲು ಬಂದವರ ಕೈಯಿಂದ ಚಾಕು ಕಸಿದುಕೊಂಡು, ಹೀಗಲ್ಲ ಎಂದು ತಾನೇ ಹೆಚ್ಚುತ್ತಿದ್ದಳು.

ತಂಗಿ ಮೇರಿ ಅಜ್ಜಂಪುರದಲ್ಲಿದ್ದಳು. ಹೈಸ್ಕೂಲಿನಲ್ಲಿ ಇಂಗ್ಲಿಷ್ ಟೀಚರಾಗಿದ್ದು ಹೋದ ವರ್ಷ ನಿವೃತ್ತಳಾದವಳು. ಮಾತು ಕಡಿಮೆ, ಓದು ಜಾಸ್ತಿ. ಅಕ್ಕನ ಮನೆಗೆ ಬಂದರೆ ಕುರ್ಚಿಯಲ್ಲಿ ಪುಸ್ತಕ ಹಿಡಿದು ಕೂತುಬಿಡುತ್ತಿದ್ದಳು. ಮಾರ್ಥಮ್ಮ ಒಳಗಿನಿಂದ ಪಾತ್ರೆಗಳನ್ನು ಸ್ವಲ್ಪ ಜೋರಾಗಿಯೇ ಇಡುತ್ತಿದ್ದಳು. ಅದರ ಅರ್ಥ ಮೇರಿಗೆ ಆಗುತ್ತಿತ್ತೋ ಇಲ್ಲವೋ, ಕೇಳಿದವರಿಲ್ಲ.

ಹೀಗಿರುವಾಗ ಪಾಸ್ಟರ್ ಸುಗಂಧರಾಜ್ ಒಂದು ಸಂಜೆ ಮನೆಗೆ ಬಂದರು. ಅವರಿಗೆ ಕಡೂರು, ತರೀಕೆರೆ, ಅಜ್ಜಂಪುರ ಮೂರೂ ಕಡೆಯ ಸಭೆಗಳ ಜವಾಬ್ದಾರಿ. ಭಾನುವಾರ ಬೈಕಿನ ಮೇಲೆ ಓಡಾಡಿ ಓಡಾಡಿ ಸೊಂಟ ಹಿಡಿದುಕೊಂಡಿತ್ತು. ಕಾಫಿ ಕುಡಿಯುತ್ತ ವಿಷಯಕ್ಕೆ ಬಂದರು. ಮುಂದಿನ ತಿಂಗಳು ಸ್ತ್ರೀಯರ ಭಾನುವಾರ. ಆ ದಿನ ಆರಾಧನೆ ನಡೆಸುವವರೂ ಪ್ರಸಂಗ ಮಾಡುವವರೂ ಹೆಂಗಸರೇ. ಈ ವರ್ಷಕ್ಕೆ ಗೊತ್ತುಮಾಡಿದ ಬೈಬಲ್ ಪಾಠ ಮಾರ್ಥ ಮರಿಯರದು. ಪ್ರಸಂಗವನ್ನು ಮಾರ್ಥಮ್ಮನೇ ಮಾಡಬೇಕು.

ಮಾರ್ಥಮ್ಮ ಮೊದಲು ನಕ್ಕಳು, ಆಮೇಲೆ ಹೆದರಿದಳು. ನಾನು ಎಂಟನೇ ಕ್ಲಾಸಿಗೆ ಓದು ಬಿಟ್ಟವಳು, ಬೇಕಾದರೆ ಆ ದಿನದ ಊಟ ಪೂರ್ತಿ ನನಗೆ ಬಿಡಿ ಎಂದಳು. ಪಾಸ್ಟರು ಒಪ್ಪಲಿಲ್ಲ. "ಊಟ ಬೇರೆಯೋರು ಮಾಡ್ಲಿ ಬಿಡಿ ಅಮ್ಮ. ಇಷ್ಟು ವರ್ಷ ಎಲ್ಲಾರೂ ಮಾರ್ಥಳ ಬಗ್ಗೆ ಮಾತಾಡಿದಾರೆ. ಒಂದ್ಸಲ ಮಾರ್ಥನೇ ಮಾತಾಡ್ಲಿ," ಎಂದರು.

ಆ ಮಾತು ಅವಳನ್ನು ಎಲ್ಲೋ ತಾಕಿತು. ಹೂಂ ಎಂದುಬಿಟ್ಟಳು.

ಮರುದಿನ ಪಾಸ್ಟರು ಒಂದು ದಪ್ಪ ಪುಸ್ತಕ ತಂದುಕೊಟ್ಟರು. ಮುನ್ನೂರು ವರ್ಷದ ಹಿಂದೆ ಇಂಗ್ಲೆಂಡಿನಲ್ಲಿ ಇದ್ದ ಒಬ್ಬ ಸಭಾಪಾಲಕ ಬೈಬಲಿಗೆ ಬರೆದ ವ್ಯಾಖ್ಯಾನದ ಕನ್ನಡ ಸಂಗ್ರಹ. ಇನ್ನೂ ಹಳೆಯವು ಬೇಕಾದರೆ ಇಂಗ್ಲಿಷಿನಲ್ಲಿ ಪುಕ್ಕಟೆ ಸಿಗುತ್ತವೆ ಎಂದು ಅವಳ ಫೋನಿನಲ್ಲೂ ಕೆಲವನ್ನು ಇಳಿಸಿಕೊಟ್ಟರು. ಸಾವಿರ ವರ್ಷ, ಸಾವಿರದೈನೂರು ವರ್ಷ ಹಿಂದಿನವರೆಲ್ಲ ಆ ಫೋನಿನೊಳಗೆ ಬಂದು ಕೂತರು.

ಇಂಗ್ಲೆಂಡಿನ ಪಾಲಕರ ಪುಸ್ತಕವನ್ನು ಮಾರ್ಥಮ್ಮ ಬೆರಳಿಟ್ಟು ಓದಿದಳು. ಅತಿಥಿಯನ್ನು ಮನೆಗೆ ಕರೆದದ್ದು ಮಾರ್ಥಳ ದೊಡ್ಡತನ, ಆದರೆ ಅಡುಗೆಯ ಸಡಗರ ಅತಿಯಾಯಿತು ಎಂದು ಅವರು ಬರೆದಿದ್ದರು. ಸ್ವಾಮಿ, ಹನ್ನೆರಡು ಶಿಷ್ಯರು ಸೇರಿ ಹದಿಮೂರು ಜನ ಏಕಾಏಕಿ ಊಟಕ್ಕೆ ಕೂತರೆ ಸಡಗರ ಅತಿಯಾಗದೆ ಇನ್ನೇನಾದೀತು ಎಂದು ಮಾರ್ಥಮ್ಮ ಪುಸ್ತಕ ಮುಚ್ಚಿಟ್ಟಳು.

ಆಮೇಲೆ ಫೋನು. ಇಂಗ್ಲಿಷಿನ ಪುಟವನ್ನು ಕನ್ನಡ ಮಾಡುವ ಗುಂಡಿಯನ್ನು ದೂರದೂರಿನಲ್ಲಿದ್ದ ಮಗಳು ಹಿಂದೊಮ್ಮೆ ಬಂದಾಗ ತೋರಿಸಿಕೊಟ್ಟಿದ್ದಳು. ಒತ್ತಿದರೆ ಅಕ್ಷರಗಳೇನೋ ಕನ್ನಡವಾದವು, ಮಾತು ಮಾತ್ರ ನೆಟ್ಟಗೆ ನಿಲ್ಲಲಿಲ್ಲ. ತಾಳ್ಮೆಯಿಂದ ಓದುತ್ತ ಹೋದವಳಿಗೆ ಒಂದು ಕಡೆ ಕಣ್ಣರಳಿತು. ಮಾರ್ಥಳು ಬಹಳ ಬಡಿಸುವಿಕೆಯಿಂದ ಸೌತೆಕಾಯಿಯಾಗಿದ್ದಳು ಎಂದಿತ್ತು. ವಾಕ್ಯ ಸೊಟ್ಟಗಿದ್ದರೂ ಅಡುಗೆಯವಳಿಗೆ ವಿಷಯ ಹೊಳೆಯಿತು. ಇಷ್ಟು ವರ್ಷದ ಪ್ರಸಂಗಗಳಲ್ಲಿ ಆ ದಿನ ಏನು ಅಡುಗೆಯಾಗಿತ್ತು ಎಂದು ಯಾರೂ ಹೇಳಿರಲಿಲ್ಲ. ಈ ಪುಣ್ಯಾತ್ಮ ಹೇಳಿದ್ದಾನೆ. ಸೌತೆಕಾಯಿ.

ಆ ಸಂತೋಷವನ್ನು ಅವಳು ಪಕ್ಕದ ಮನೆಯ ಗಂಗಾಧರಯ್ಯನವರಿಗೆ ಕಾಂಪೌಂಡಿನ ಈಚೆಯಿಂದಲೇ ಹೇಳಿದಳು. ಗಂಗಾಧರಯ್ಯ ಕೊಬ್ಬರಿ ವ್ಯಾಪಾರವನ್ನು ಅಳಿಯನಿಗೆ ಒಪ್ಪಿಸಿ, ವಾರಕ್ಕೊಮ್ಮೆ ಮಠದಲ್ಲಿ ನಡೆಯುವ ವಚನ ಚಿಂತನೆಗೆ ತಪ್ಪದೆ ಹೋಗುತ್ತಿದ್ದವರು. ಹಣೆಯ ವಿಭೂತಿಯ ಕೆಳಗೆ ಹುಬ್ಬು ಮೇಲೇರಿಸಿ, ಆ ಸೀಮೆಯಲ್ಲಿ ಕೋಸಂಬರಿ ಮಾಡುತ್ತಿದ್ದರೇನೋ ಎಂದರು. ಆಮೇಲೆ ಅವರೇ ಅನುಮಾನಪಟ್ಟರು. ತಮ್ಮ ಮಠದಲ್ಲಿ ಒಂದು ವಚನ ಹಿಡಿದರೆ ಮೊದಲು ಮೂಲವನ್ನು ನಾಲ್ಕು ಸಲ ಓದುತ್ತಾರೆ, ಆಮೇಲೆ ಅದರ ಅರ್ಥ ಬಿಡಿಸಿದ ಒಬ್ಬರ ಟೀಕೆಯನ್ನಲ್ಲ, ಇಬ್ಬರು ಮೂವರದನ್ನು ಎದುರುಬದುರು ಇಟ್ಟುಕೊಂಡು ನೋಡುತ್ತಾರೆ ಎಂದು ವಿವರಿಸಿದರು.

"ಟೀಕೆ ಬರೆದೋರು ಊರ ಹಿರೇರಿದ್ದಂಗೆ ಕಣಮ್ಮ. ಎಲ್ಲಾರ ಮಾತೂ ಕೇಳ್ಬೇಕು. ಒಬ್ಬರ ಮಾತು ಕೇಳ್ಕೊಂಡು ಎದ್ದು ಬಂದ್ಬಿಟ್ರೆ ನ್ಯಾಯ ಅರ್ಧ ಆಗುತ್ತೆ. ನಿಮ್ಮ ತಂಗಿ ಇಂಗ್ಲಿಷ್ ಟೀಚರಲ್ವಾ? ಕರೀರಿ ಅವರನ್ನ," ಎಂದರು.

ಕರೆಯಲು ಮಾರ್ಥಮ್ಮನಿಗೆ ಮನಸ್ಸಿರಲಿಲ್ಲ. ಮಾರ್ಥಳ ಪರ ಮಾತಾಡಲು ಮರಿಯಳ ಸಹಾಯ ಕೇಳುವುದೇ ಎಂದು ಒಂದೆರಡು ದಿನ ಬಿಗುಮಾನದಲ್ಲಿದ್ದಳು. ಕೊನೆಗೆ ಫೋನು ಮಾಡಿದಳು. ಗುರುವಾರ ಮೇರಿ ಪ್ಯಾಸೆಂಜರ್ ರೈಲಿಗೆ ಬಂದಿಳಿದಳು.

ಸೌತೆಕಾಯಿಯ ವಿಷಯ ಕೇಳಿ ಮೇರಿ ಇಂಗ್ಲಿಷ್ ಪುಟವನ್ನು ನೋಡಿದಳು. ಮೆಲ್ಲಗೆ ನಗಲು ಶುರುಮಾಡಿದವಳು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವ ತನಕ ನಿಲ್ಲಲಿಲ್ಲ. ಭಾರದಲ್ಲಿ ಸಿಕ್ಕಿ ಒದ್ದಾಡುತ್ತಿದ್ದಳು ಎನ್ನುವುದಕ್ಕೆ ಹಳೆಯ ಇಂಗ್ಲಿಷಿನಲ್ಲಿ ಕಂಬರ್ಡ್ ಎನ್ನುತ್ತಿದ್ದರಂತೆ. ಫೋನು ಅದನ್ನು ಕುಕುಂಬರ್ ಎಂದುಕೊಂಡು ಸೌತೆಕಾಯಿ ಮಾಡಿತ್ತು. ಮಾರ್ಥಮ್ಮನಿಗೆ ಮೊದಲು ಮುಖ ಕೆಂಪಾಯಿತು, ಆಮೇಲೆ ತಂಗಿ ಅಷ್ಟು ನಗುವುದನ್ನು ಎಷ್ಟೋ ವರ್ಷದಿಂದ ನೋಡಿರಲಿಲ್ಲವೆಂದು ನೆನಪಾಗಿ ಅವಳೂ ನಕ್ಕಳು. ಕಾಂಪೌಂಡಿನಾಚೆ ಗಂಗಾಧರಯ್ಯನವರಿಗೂ ಕೂಗಿ ಹೇಳಿದ್ದಾಯಿತು.

ಅಲ್ಲಿಂದ ಗುರುವಾರಗಳ ಓದು ನಡೆಯಿತು. ಮೇರಿ ಇಂಗ್ಲಿಷಿನಲ್ಲಿ ಓದಿ ಕನ್ನಡದಲ್ಲಿ ಹೇಳುವುದು, ಮಾರ್ಥಮ್ಮ ಅವರೆಕಾಯಿ ಬಿಡಿಸುತ್ತ ಕೇಳುವುದು. ಗಂಗಾಧರಯ್ಯ ಹೇಳಿದ ಹಾಗೆ ಮೊದಲು ಮೂಲ, ಆಮೇಲೆ ಹಿರಿಯರು. ಹೆಸರುಗಳಿಗೆ ನಾಲಿಗೆ ಹೊರಳದ್ದರಿಂದ ಮಾರ್ಥಮ್ಮ ಅವರನ್ನೆಲ್ಲ ಊರಿನಿಂದಲೇ ಗುರುತಿಸಿದಳು.

ಸಾವಿರದಾರುನೂರು ವರ್ಷದ ಹಿಂದಿನ ಆಫ್ರಿಕಾದ ಬಿಷಪ್ ಒಬ್ಬರು ಬಹಳ ಮೃದುವಾಗಿ ಮಾತಾಡಿದ್ದರು. ಮಾರ್ಥಳ ಕೆಲಸ ಒಳ್ಳೆಯದೇ, ಹಸಿದವರು ಇರುವ ತನಕ ಬಡಿಸುವವರು ಬೇಕು. ಆದರೆ ಪರಲೋಕದಲ್ಲಿ ಹಸಿವೇ ಇಲ್ಲ, ಆಗ ಮಾರ್ಥಳ ಕೆಲಸ ಮುಗಿಯುತ್ತದೆ, ಮರಿಯಳದು ಉಳಿಯುತ್ತದೆ ಎಂದು ಅವರ ವಾದ. ಅಡುಗೆಯೇ ಇಲ್ಲದ ಪರಲೋಕವನ್ನು ಮಾರ್ಥಮ್ಮ ಸ್ವಲ್ಪ ಹೊತ್ತು ಕಲ್ಪಿಸಿಕೊಂಡು, ಅಲ್ಲಿ ನಾನು ಏನು ಮಾಡಲಿ ಎಂದು ನಿಜವಾಗಿಯೂ ಚಿಂತೆಗೆ ಬಿದ್ದಳು.

ಸುಮಾರು ಐನೂರು ವರ್ಷದ ಹಿಂದಿನ ಜಿನೀವಾದ ಸಭಾಪಾಲಕರು ಸ್ವಲ್ಪ ಖಾರ. ಕೆಲಸ ಮಾಡದೆ ಸುಮ್ಮನೆ ಧ್ಯಾನಕ್ಕೆ ಕೂತವರೇ ದೊಡ್ಡವರು ಎಂದು ಸಾಧಿಸಲು ಈ ಕಥೆಯನ್ನು ಬಳಸಿಕೊಂಡವರಿಗೆ ಅವರು ಚೆನ್ನಾಗಿ ಬೈದಿದ್ದರು. ಅವರವರ ಪಾಲಿನ ದುಡಿಮೆಯೂ ದೇವರಿಗೆ ಸಲ್ಲುತ್ತದೆ ಎಂದಿದ್ದರು. ಮಾರ್ಥಮ್ಮ ಅವರನ್ನು ನಮ್ಮ ಕಡೆಯವರು ಎಂದು ಸೇರಿಸಿಕೊಂಡಳು. ಮತ್ತೊಬ್ಬ ಹಳೆಯವರು, ಸ್ವಾಮಿ ಹೆಸರನ್ನು ಎರಡು ಸಲ ಕರೆದದ್ದು ಸಿಟ್ಟಿನಿಂದಲ್ಲ, ಪ್ರೀತಿಯಿಂದ ಎಂದು ಬರೆದಿದ್ದರು. ಅದನ್ನು ಕೇಳಿ ಅವಳ ಕೈ ಅವರೆಕಾಯಿಯ ಮೇಲೆ ನಿಂತಿತು. ಮತ್ತೊಂದು ಸಲ ಓದು ಎಂದಳು. ಮೇರಿ ಓದಿದಳು.

ಜಗಳ ಹತ್ತಿದ್ದು ಜರ್ಮನಿಯವರಿಂದ. ಏಳುನೂರು ವರ್ಷದ ಹಿಂದಿನ ಆ ಸನ್ಯಾಸಿ, ಉಳಿದವರೆಲ್ಲ ಹೇಳಿದ್ದನ್ನು ತಿರುವಿಹಾಕಿಬಿಟ್ಟಿದ್ದರು. ಇಬ್ಬರಲ್ಲಿ ಬಲಿತವಳು ಮಾರ್ಥಳೇ, ಮರಿಯ ಇನ್ನೂ ಕಲಿಯುತ್ತಿದ್ದ ಹುಡುಗಿ. ತಂಗಿ ಬರೀ ಮಾತಿನ ಸವಿಯಲ್ಲಿ ಕೂತೇ ಬಿಟ್ಟಾಳು ಎಂದು ಅಕ್ಕ ಅವಳನ್ನು ಎಬ್ಬಿಸಲು ನೋಡಿದಳು ಎಂದು ಅವರ ಪ್ರಸಂಗದಲ್ಲಿತ್ತು. ಮಾರ್ಥಮ್ಮನ ಸಂತೋಷಕ್ಕೆ ಪಾರವಿಲ್ಲ. ಎದ್ದು ನಿಂತು, ನೋಡಿದೆಯಾ ಎಂದಳು. ಮೇರಿ ಫೋನನ್ನು ಮಗುಚಿ ಮೇಜಿನ ಮೇಲಿಟ್ಟಳು. ಇದು ಮೂಲದಲ್ಲಿ ಇಲ್ಲದ್ದು, ಅವರು ತಮಗೆ ಬೇಕಾದದ್ದನ್ನು ಕಟ್ಟಿಕೊಂಡಿದ್ದಾರೆ ಎಂದಳು. ಬೇಕಾದದ್ದನ್ನು ಕಟ್ಟಿಕೊಂಡವರು ಅವರೊಬ್ಬರೇನಾ ಎಂದು ಮಾರ್ಥಮ್ಮ. ಮಾತು ಬೆಳೆದು ಜರ್ಮನಿಯನ್ನು ಬಿಟ್ಟು ಕಡೂರಿಗೆ ಬಂತು.

"ನೀನು ಕೂತಿದ್ದೆ, ನಾನು ಒಲೆ ಮುಂದೆ ಇದ್ದೆ," ಎಂದಳು ಮಾರ್ಥಮ್ಮ. "ಅವ್ವ ಸತ್ತಾಗ ಯಾರು ಸ್ಕೂಲು ಬಿಟ್ಟಿದ್ದು? ನೀನು ಪುಸ್ತಕ ಹಿಡ್ಕೊಂಡು ಕೂತ್ರೆ ನಾನು ಯಾವತ್ತಾದ್ರೂ ಏಳು ಅಂದಿದ್ನಾ?"

ಮೇರಿ ಕನ್ನಡಕ ತೆಗೆದು ಮಡಿಚಿಟ್ಟಳು.

"ಅನ್ಲಿಲ್ಲ ಕಣಕ್ಕ. ಅದೇ ನಾನು ಹೇಳ್ತಿರೋದು. ನೀನು ಒಂದಿನಾನೂ ಕರೀಲಿಲ್ಲ. ನಾನಾಗೇ ಬಂದ್ರೆ, ಕೈ ಸುಟ್ಕೊಂತೀಯ ಹೋಗು, ಉಪ್ಪು ಜಾಸ್ತಿ ಹಾಕ್ತೀಯ ಹೋಗು ಅಂತ ಓಡಿಸ್ತಿದ್ದೆ. ನಂಗೆ ಅಡುಗೆಮನೇಲಿ ಜಾಗಾನೇ ಇರ್ಲಿಲ್ಲ. ಅದಕ್ಕೆ ಪುಸ್ತಕ ಹಿಡ್ಕೊಂಡೆ."

ಮೇರಿ ಸಂಜೆಯ ರೈಲಿಗೆ ಹೊರಟುಹೋದಳು.

ಆಮೇಲೆ ಮಾರ್ಥಮ್ಮ ಇಂಗ್ಲೆಂಡಿನ ಪಾಲಕರ ಪುಸ್ತಕವನ್ನು ಮತ್ತೆ ತೆಗೆದಳು. ಅಂದು ಸಿಟ್ಟಿನಲ್ಲಿ ಮುಚ್ಚಿಟ್ಟ ಪುಟದ ಮುಂದಿನ ಸಾಲುಗಳನ್ನು ಅವಳು ಓದಿರಲಿಲ್ಲ. ತಂಗಿಯ ಮೇಲಿನ ದೂರನ್ನು ಅತಿಥಿಯ ಮುಂದೆ ಒಯ್ದು, ಅವರನ್ನೇ ನ್ಯಾಯಕ್ಕೆ ಎಳೆದದ್ದು ಮಾರ್ಥಳ ತಪ್ಪು ಎನ್ನುವಂಥ ಮಾತು ಅಲ್ಲಿತ್ತು. ಮಾರ್ಥಮ್ಮ ಮೂಲವನ್ನು ಇನ್ನೊಮ್ಮೆ ನೋಡಿದಳು. ಹೌದು, ಮಾರ್ಥ ತಂಗಿಯ ಹತ್ತಿರ ಒಂದು ಮಾತೂ ಆಡಿರಲಿಲ್ಲ. ಬಾರೇ ಸ್ವಲ್ಪ ಕೈಹಾಕು ಎಂದು ಕರೆದಿದ್ದರೆ ಬರುತ್ತಿದ್ದಳೋ ಏನೋ. ಇಷ್ಟು ವರ್ಷ ಎಷ್ಟೊಂದು ಪ್ರಸಂಗ ಕೇಳಿದ್ದರೂ ಅದು ತನ್ನ ಕಣ್ಣಿಗೆ ಬಿದ್ದಿರಲಿಲ್ಲವಲ್ಲ ಎಂದು ಅವಳಿಗೆ ಆಶ್ಚರ್ಯವಾಯಿತು. ಮುನ್ನೂರು ವರ್ಷದ ಹಿಂದೆ ಯಾವುದೋ ದೇಶದಲ್ಲಿ ಕೂತು ಬರೆದ ಮನುಷ್ಯ ನೇರ ತನ್ನ ಅಡುಗೆಮನೆಗೆ ಬಂದು ನಿಂತ ಹಾಗಾಯಿತು. ನಾಚಿಕೆಯೂ ಆಯಿತು, ನಗುವೂ ಬಂತು.

ಮರುದಿನ ಬೆಳಿಗ್ಗೆಯೇ ತಂಗಿಗೆ ಫೋನು ಮಾಡಿದಳು. ನಿನ್ನೆಯ ಮಾತೆತ್ತಲಿಲ್ಲ. ಗುರುವಾರ ಒಂದು ರೈಲು ಮುಂಚೆ ಬಾ, ಹೋಳಿಗೆ ಮಾಡೋಣ, ಕಣಕ ನಾದುವವರು ಬೇಕು ಎಂದಳು. ಬತ್ತೀನಿ ಎಂದಳು ಮೇರಿ.

ಅವಳು ನಾದಿದ ಕಣಕ ಗಟ್ಟಿಯಾಗಿತ್ತು, ಹೋಳಿಗೆ ಅಂಚಿನಲ್ಲಿ ಹರಿದವು. ಮಾರ್ಥಮ್ಮ ಬಾಯಿಗೆ ಬಂದದ್ದನ್ನು ನುಂಗಿಕೊಂಡಳು. ಹೂರಣ ಬೆರಳಿಗೆ ಮೆತ್ತಿಕೊಂಡೇ ಇಬ್ಬರೂ ಪ್ರಸಂಗದಲ್ಲಿ ಏನು ಹೇಳಬೇಕೆಂದು ಗೊತ್ತುಮಾಡಿಕೊಂಡರು. ಜರ್ಮನಿಯವರನ್ನು ಸೇರಿಸಬೇಕೋ ಬೇಡವೋ ಎಂಬುದು ಮಾತ್ರ ಇತ್ಯರ್ಥವಾಗಲಿಲ್ಲ.

ಸ್ತ್ರೀಯರ ಭಾನುವಾರ ಬಂತು. ಚರ್ಚು ತುಂಬಿತ್ತು. ಹಿಂದಿನ ಬೆಂಚಿನಲ್ಲಿ ಗಂಗಾಧರಯ್ಯ ಬಿಳಿ ಪಂಚೆ ಉಟ್ಟು, ಭುಜದ ಮೇಲೆ ವಲ್ಲಿ ಹಾಕಿಕೊಂಡು ಕೂತಿದ್ದರು. ಮಾರ್ಥಮ್ಮ ಎದ್ದು ಪ್ರಸಂಗಪೀಠದ ಮೆಟ್ಟಿಲೇರಿ ನಿಂತಳು. ಬರೆದುಕೊಂಡ ಚೀಟಿಯನ್ನು ನೋಡದೆ, ನನ್ನ ಹೆಸರು ಮಾರ್ಥ ಎಂದು ಶುರುಮಾಡಿದಳು. ಸಭೆ ನಕ್ಕಿತು. ಆ ನಗುವಿನಿಂದಲೇ ಅವಳಿಗೆ ಧೈರ್ಯ ಬಂತು.

ಆಫ್ರಿಕಾದವರು ಹೀಗಂದರು, ಜಿನೀವಾದವರು ಹೀಗಂದರು ಎಂದು ಅವಳು ಹೇಳುತ್ತ ಹೋದ ರೀತಿ ಹೇಗಿತ್ತೆಂದರೆ, ಅವರೆಲ್ಲ ಬೀರೂರಿನಿಂದಲೋ ಶಿವನಿಯಿಂದಲೋ ನಿನ್ನೆ ಬಸ್ಸಿಳಿದು ಮನೆಗೆ ಬಂದು ಕಾಫಿ ಕುಡಿದು ಹೋದವರು ಎನ್ನಿಸುತ್ತಿತ್ತು. ದೊಡ್ಡವರು ಬರೆದದ್ದನ್ನು ಓದುವುದೆಂದರೆ ಒಪ್ಪಿ ತಲೆಯಾಡಿಸುವುದಲ್ಲ, ಅವರ ಜೊತೆ ಕೂತು ಮಾತಾಡುವುದು ಎಂದು ತನಗೆ ಈಗ ತಿಳಿಯಿತು ಎಂದಳು. ಅವರಲ್ಲಿ ಕೆಲವರ ಮೇಲೆ ಸಿಟ್ಟು ಬಂದದ್ದನ್ನೂ, ಹಾಗೆ ಸಿಟ್ಟು ತರಿಸಿದವರೇ ಕೊನೆಗೆ ತನ್ನ ತಪ್ಪು ತೋರಿಸಿದ್ದನ್ನೂ ಮುಚ್ಚಿಡದೆ ಹೇಳಿದಳು. ಸಭೆ ಈಗ ನಗುತ್ತಿರಲಿಲ್ಲ, ಕಿವಿಗೊಟ್ಟಿತ್ತು.

ಅಷ್ಟರಲ್ಲಿ ಹಿಂದಿನ ಅಡುಗೆಮನೆಯಿಂದ ಸೀದ ವಾಸನೆ ಬಂತು. ಒಲೆಯ ಹತ್ತಿರ ಇರಬೇಕಾದ ಹೆಂಗಸರೆಲ್ಲ ಪ್ರಸಂಗ ಕೇಳಲು ಒಳಗೆ ಬಂದು ನಿಂತಿದ್ದರು. ಮೊದಲು ಮೂಗಿಗೆ ಬಡಿದದ್ದು ಮಾರ್ಥಮ್ಮನಿಗೇ. ಅವಳ ಮಾತು ಅರ್ಧಕ್ಕೆ ನಿಂತಿತು. ಒಂದು ಕಾಲನ್ನು ಮೆಟ್ಟಿಲ ಕೆಳಗೆ ಇಟ್ಟೂ ಬಿಟ್ಟಿದ್ದಳು. ಮುಂದಿನ ಸಾಲಿನಲ್ಲಿದ್ದ ಮೇರಿ ಎದ್ದು ನಿಂತಳು.

"ನಾನು ನೋಡ್ಕೊಂತೀನಿ. ನೀನು ಮಾತಾಡು ಅಕ್ಕ," ಎಂದು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟಳು.

ಸಭೆಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಮೇರಿ ಅಡುಗೆಮನೆಗೆ ಹೋಗುತ್ತಿದ್ದಾಳೆ, ಮಾರ್ಥ ಸ್ವಾಮಿಯ ಮಾತು ಹೇಳುತ್ತ ನಿಂತಿದ್ದಾಳೆ. ನಗು ಹಿಂದಿನ ಬೆಂಚಿನಿಂದ ಎದ್ದು ಮುಂದಿನವರೆಗೂ ಬಂತು. ಪಾಸ್ಟರ್ ಸುಗಂಧರಾಜ್ ಸೊಂಟ ಹಿಡಿದುಕೊಂಡೇ ನಕ್ಕರು. ಮಾರ್ಥಮ್ಮ ಆ ಕಾಲನ್ನು ಹಿಂದಕ್ಕೆಳೆದುಕೊಂಡು, ಸ್ವಾಮಿ ಹೆಸರನ್ನು ಎರಡು ಸಲ ಕರೆದದ್ದು ಪ್ರೀತಿಯಿಂದ ಎಂಬಲ್ಲಿಂದ ಮತ್ತೆ ಹಿಡಿದಳು.

ಊಟಕ್ಕೆ ಕೂತಾಗ ಗೊತ್ತಾಯಿತು, ತಳ ಹಿಡಿದ ಸಾಂಬಾರನ್ನು ಮೇರಿ ಬೇರೆ ಪಾತ್ರೆಗೆ ಬಗ್ಗಿಸಿ, ನೀರು ಬೆರೆಸಿ, ಅಂದಾಜಿನಲ್ಲಿ ಉಪ್ಪು ಸುರಿದಿದ್ದಳು. ಮೊದಲ ತುತ್ತಿಗೇ ಎಲ್ಲರೂ ನೀರಿನ ಲೋಟ ಎತ್ತಿದರು. ಮೇರಿ ದೂರದಲ್ಲಿ ಬಡಿಸುತ್ತ ಅಕ್ಕನ ಮುಖವನ್ನೇ ನೋಡುತ್ತಿದ್ದಳು. ಮಾರ್ಥಮ್ಮ ಅನ್ನಕ್ಕೆ ಮಜ್ಜಿಗೆ ಹುಯ್ದುಕೊಂಡು, ಸಾಂಬಾರಿನ ಜೊತೆ ಕಲಸಿ, ಇನ್ನೂ ಸ್ವಲ್ಪ ಹಾಕು ಎಂದು ತಟ್ಟೆ ಚಾಚಿದಳು.

ಸುದ್ದಿ ತರೀಕೆರೆಯ ಸಭೆಗೂ ಮುಟ್ಟಿತು. ಅಲ್ಲಿಯ ಹೆಂಗಸರು ತಮ್ಮ ಕೂಟಕ್ಕೆ ಅಕ್ಕತಂಗಿ ಇಬ್ಬರನ್ನೂ ಕರೆದರು. ಪಾಠ ಯೋನ ಪ್ರವಾದಿಯದು. ಬಿಸಿಲಲ್ಲಿ ಮುನಿಸಿಕೊಂಡು ಕೂತ ಯೋನನಿಗೆ ದೇವರು ಒಂದೇ ರಾತ್ರಿಯಲ್ಲಿ ಗಿಡ ಬೆಳೆಸಿ ನೆರಳು ಕೊಟ್ಟ ಕಥೆ. ಆ ಗಿಡ ಯಾವುದು ಎಂಬ ಬಗ್ಗೆ ಹಳೆಯ ವ್ಯಾಖ್ಯಾನಕಾರರು ಸಾವಿರದಾರುನೂರು ವರ್ಷದ ಹಿಂದೆಯೇ ಕಿತ್ತಾಡಿದ್ದರಂತೆ. ಒಬ್ಬರು ಸೋರೆ ಎಂದರೆ ಇನ್ನೊಬ್ಬರು ಬೇರೊಂದು ಬಳ್ಳಿ ಎಂದಿದ್ದರು. ಆಮೇಲೆ ಬಂದವರು ಹರಳಿನ ಗಿಡ ಎಂದರು.

ಕಡೂರಿನಿಂದ ತರೀಕೆರೆಗೆ ಹೋಗುವ ಬಸ್ಸಿನಲ್ಲಿ ಮಾರ್ಥಮ್ಮ ಸೋರೆಯ ಪರ, ಮೇರಿ ಹರಳಿನ ಪರ. ಬೀರೂರು ದಾಟುವ ಹೊತ್ತಿಗೆ ಹಿಂದಿನ ಸೀಟಿನವರೊಬ್ಬರು, ಎರಡು ಕುರಿಮರಿ ಮಾರಿ ಬರುತ್ತಿದ್ದ ಬೀರಪ್ಪ ಎನ್ನುವವರು, ವಿಷಯವೇನು ಎಂದು ಕೇಳಿ ತಿಳಿದುಕೊಂಡರು. ಸೋರೆಯಾದರೆ ಚಪ್ಪರ ಬೇಕಲ್ಲ ಎಂದು ಅವರ ಸಂದೇಹ. ಯೋನ ಮೊದಲೇ ಗುಡಿಸಲು ಹಾಕಿಕೊಂಡಿದ್ದ, ಅದರ ಮೇಲೆ ಹಬ್ಬಿತು ಎಂದು ಮಾರ್ಥಮ್ಮ. ಗುಡಿಸಲಿದ್ದ ಮೇಲೆ ನೆರಳಿಗೆ ಗಿಡ ಯಾಕೆ ಎಂದು ಕಂಡಕ್ಟರು ಟಿಕೆಟು ಹರಿಯುತ್ತ ಕೇಳಿದ. ಮೇರಿ ಕನ್ನಡಕ ಏರಿಸಿಕೊಂಡು ಫೋನು ತೆಗೆದು, ಇರಿ, ಇದಕ್ಕೂ ಯಾರಾದರೂ ಏನಾದರೂ ಬರೆದಿರುತ್ತಾರೆ ಎಂದು ಹುಡುಕತೊಡಗಿದಳು. ಮಾರ್ಥಮ್ಮ, ಬೀರಪ್ಪ, ಪಕ್ಕದ ಸೀಟಿನವರು ಎಲ್ಲರೂ ಅವಳ ಕಡೆಗೆ ಬಾಗಿ ಕಾದರು.